ಊರಿನ ಹೆಸರೂ ಕೊಳ್ಳುವವರ ಹೊಣೆಯೂ



ನಮ್ಮ ಹಿರಿಯರು ಸಂತೆಗೆ ಹೋದರೆ, ಸರಕನ್ನು ಕೈಗೆತ್ತಿಕೊಂಡು ಮೊದಲು ಕೇಳುತ್ತಿದ್ದುದು ಅದರ ಬೆಲೆಯನ್ನಲ್ಲ. “ಇದು ಯಾವ ಊರಿನದು?” ಎಂದು ಕೇಳುತ್ತಿದ್ದರು. ಮೆಣಸಿನಕಾಯಿಯಾದರೆ ಬ್ಯಾಡಗಿಯದೇ, ರಸಬಾಳೆಯಾದರೆ ನಂಜನಗೂಡಿನದೇ, ಸೀರೆಯಾದರೆ ಇಳಕಲ್ಲಿನದೇ ಮೊಳಕಾಲ್ಮೂರಿನದೇ, ಮಕ್ಕಳ ಗೊಂಬೆಯಾದರೆ ಚನ್ನಪಟ್ಟಣದ್ದೇ ಎಂದು ವಿಚಾರಿಸಿ, ಉತ್ತರ ಮನಸ್ಸಿಗೆ ಒಪ್ಪಿದ ಬಳಿಕವೇ ಬೆಲೆಯ ಮಾತು. ಈ ಪ್ರಶ್ನೆಯಲ್ಲಿ ಬಹಳ ವಿವೇಕವಡಗಿತ್ತು. ಪ್ರಕೃತ ನಾವು ತಮ್ಮೊಡನೆ ಆಡಬೇಕೆಂದಿರುವ ನಾಲ್ಕು ಮಾತುಗಳೂ ಆ ಒಂದು ಪ್ರಶ್ನೆಯನ್ನು ಕುರಿತವೇ. ಆ ಪ್ರಶ್ನೆಯನ್ನು ನಾವು ಕೇಳುವುದನ್ನು ಬಿಟ್ಟುದರಿಂದ ಆಗಿರುವ ನಷ್ಟವೇನು, ಮತ್ತೆ ಕೇಳಲು ತೊಡಗಿದರೆ ಆಗುವ ಲಾಭವೇನು, ಕೇಳಿದಾಗ ಬರುವ ಉತ್ತರವನ್ನು ನಂಬುವುದು ಹೇಗೆ, ಇಷ್ಟೇ ನಮ್ಮ ವಿಷಯ.

ಊರಿನ ಹೆಸರು ಸರಕಿಗೆ ಹೇಗೆ ಅಂಟಿಕೊಂಡಿತೆಂಬುದನ್ನು ಮೊದಲು ನೋಡೋಣ. ನಂಜನಗೂಡಿನ ರಸಬಾಳೆಗೆ ಆ ರುಚಿಯನ್ನೂ ಪರಿಮಳವನ್ನೂ ಕೊಟ್ಟುದು ಕಪಿಲಾ ತೀರದ ಮಣ್ಣು. ಇಳಕಲ್ಲಿನ ಸೀರೆಗೆ ಆ ಹೆಸರು ಬಂದುದು ನೇಕಾರನ ಕೈಗಾರಿಕೆಯಿಂದ. ಒಂದೊಂದು ಊರಿನಲ್ಲಿ ಒಂದೊಂದು ವಿದ್ಯೆ ತಲೆಯಿಂದ ತಲೆಗೆ ಇಳಿದು ಬಂದಿರುತ್ತದೆ. ತಂದೆ ಮಗನಿಗೆ, ಅತ್ತೆ ಸೊಸೆಗೆ, ಗುರು ಶಿಷ್ಯನಿಗೆ ಕೈಹಿಡಿದು ಕಲಿಸಿದುದು ಅದು. ಹೀಗೆ ನೂರಾರು ಮನೆಗಳವರು ಬಹುಕಾಲ ಮೋಸವಿಲ್ಲದೆ ದುಡಿದ ಫಲವಾಗಿ ಆ ಊರಿನ ಹೆಸರಿಗೆ ಪೇಟೆಯಲ್ಲಿ ಬೆಲೆ ಬಂದಿತು. ಆದುದರಿಂದ ಊರಿನ ಹೆಸರೆಂಬುದು ಒಂದು ಆಸ್ತಿ. ಹೊಲ ಮನೆಗಳಂತೆ ಅದಕ್ಕೆ ಎಲ್ಲೆಕಲ್ಲು ಇಲ್ಲ. ಕಳ್ಳತನವಾದರೆ ಬೆಳಗಿನವರೆಗೆ ಯಾರಿಗೂ ತಿಳಿಯುವುದೂ ಇಲ್ಲ. ಆದರೂ ಅದು ಆಸ್ತಿಯೇ ಸರಿ; ಬಡವರ ಪಾಲಿಗಂತೂ ಅನೇಕ ವೇಳೆ ಅದೊಂದೇ ಆಸ್ತಿ.

ಈ ಆಸ್ತಿಯನ್ನು ಕದಿಯುವುದು ಎಷ್ಟು ಸುಲಭವೆಂಬುದನ್ನು ನಾವು ನಮ್ಮ ಮನೆಯಲ್ಲಿಯೇ ಕಂಡುಕೊಂಡೆವು. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಮದುವೆಗೆಂದು ಪೇಟೆಯ ಒಂದು ದೊಡ್ಡ ಅಂಗಡಿಯಲ್ಲಿ ಇಳಕಲ್ ಸೀರೆಗಳನ್ನು ಕೊಂಡೆವು. ಸೆರಗು ಕೆಂಪಗಿತ್ತು, ಅಂಚು ಅಂದವಾಗಿತ್ತು, ಬೆಲೆಯೂ ನಾವು ಎಣಿಸಿದುದಕ್ಕಿಂತ ಕಡಮೆಯಾಗಿತ್ತು. ಸಂತೋಷದಿಂದ ಮನೆಗೆ ತಂದು ಹಾಸಿದೆವು. ನೆರೆಮನೆಯಲ್ಲಿ ಹುನಗುಂದದ ಕಡೆಯ ವೃದ್ಧೆಯೊಬ್ಬರಿದ್ದರು. ಅವರು ಬಂದು ಕುಳಿತು, ಕನ್ನಡಕವನ್ನು ಸರಿಮಾಡಿಕೊಂಡು, ಸೀರೆಯ ಮೈಯೂ ಸೆರಗೂ ಕೂಡುವೆಡೆಯನ್ನು ಬೆರಳಿನಿಂದ ತಡವಿದರು. ಆಮೇಲೆ ನಮ್ಮ ಮನೆಯವರ ಮುಖ ನೋಡಿ, “ಕೊಂಡಿ ಎಲ್ಲೈತಿ, ತಂಗೀ? ಹೆಸರು ನಮ್ಮೂರ್ದು, ಕೈ ನಮ್ಮೂರ್ದಲ್ಲ” ಎಂದರು. ನಾವು ಏನು ಹೇಳಲೂ ತೋಚದೆ ಸುಮ್ಮನಾದೆವು.

ಅವರ ಮಾತಿನ ಅರ್ಥವನ್ನು ತಿಳಿಯದವರಿಗಾಗಿ ವಿವರಿಸುತ್ತೇವೆ. ಇಳಕಲ್ ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಬೇರೊಂದು ಹಾಸು. ಮೈ ಹತ್ತಿಯದಾಗಿದ್ದರೂ ಸೆರಗು ರೇಷ್ಮೆಯದು. ಈ ಎರಡು ಹಾಸಿನ ಎಳೆಗಳನ್ನು ಒಂದರೊಳಗೊಂದು ಕೊಂಡಿಯಂತೆ ಸಿಕ್ಕಿಸಿ ಜೋಡಿಸುತ್ತಾರೆ. ಸೆರಗಿನ ಕೆಂಪಿನ ಮೇಲೆ ಬಿಳಿಯ ಎಳೆಯಲ್ಲಿ ಕೋಟೆಯ ತೆನೆಗಳು, ಜೋಳದ ತೆನೆ, ಹಣಿಗೆ, ಬೆಟ್ಟಸಾಲು ಮುಂತಾದ ಚಿತ್ರಗಳು ಮೂಡುತ್ತವೆ. ಸಾವಿರಾರು ಎಳೆಗಳನ್ನು ಕೈಯಿಂದ ಕೂಡಿಸುವ ಈ ಕೆಲಸಕ್ಕೆ ತಾಳ್ಮೆ ಬೇಕು, ಕಣ್ಣು ಬೇಕು, ಮನೆಮಂದಿಯೆಲ್ಲ ಕೈಜೋಡಿಸಬೇಕು. ನಾವು ತಂದ ಸೀರೆಯಲ್ಲಿ ಇದಾವುದೂ ಇರಲಿಲ್ಲ. ಎಲ್ಲಿಯೋ ವಿದ್ಯುತ್ ಮಗ್ಗದ ಮೇಲೆ, ಅದೇ ಬಣ್ಣ ಅದೇ ಚಿತ್ರ ಬರುವಂತೆ ನೇಯ್ದ ಬಟ್ಟೆ ಅದು. ವಿದ್ಯುತ್ ಮಗ್ಗದ ಬಟ್ಟೆ ಕೆಟ್ಟದೆಂದು ನಾವು ಹೇಳುವುದಿಲ್ಲ. ಅದನ್ನು ನೇಯುವವನೂ ದುಡಿದು ತಿನ್ನುವವನೇ. ಅದನ್ನು ಅದರ ಹೆಸರಿನಿಂದಲೇ ಮಾರಿದ್ದರೆ ಯಾರಿಗೂ ದೂರಿರಲಿಲ್ಲ. ಇನ್ನೊಬ್ಬರ ಹೆಸರಿನಿಂದ ಮಾರಿದುದೇ ತಪ್ಪು.

ಈ ತಪ್ಪಿನಿಂದ ನಷ್ಟ ಯಾರಿಗೆ? ಮೊದಲು ಕೊಂಡ ನಮಗೆ. ಆದರೆ ನಮ್ಮ ನಷ್ಟ ಒಂದು ಸೀರೆಯ ಬೆಲೆಯಷ್ಟೇ. ನಿಜವಾದ ನಷ್ಟ ಇಳಕಲ್ಲಿನ ನೇಕಾರನಿಗೆ. ಅವನು ದಿನಗಟ್ಟಲೆ ಕುಳಿತು ನೇಯ್ದ ಸೀರೆಗೆ ಹೆಚ್ಚಿನ ಬೆಲೆ ಹೇಳಿದರೆ, “ಅಲ್ಲಿ ಅರ್ಧ ಬೆಲೆಗೆ ಇಳಕಲ್ ಸೀರೆ ಸಿಕ್ಕುತ್ತದೆ” ಎಂದು ಗಿರಾಕಿ ಎದ್ದು ಹೋಗುತ್ತಾನೆ. ನೇಕಾರನು ಬೆಲೆಯನ್ನು ಇಳಿಸಬೇಕು, ಇಲ್ಲವೆ ಕೆಲಸವನ್ನು ಹಗುರಮಾಡಬೇಕು. ಬೆಲೆ ಇಳಿಸಿದರೆ ಹೊಟ್ಟೆಗೆ ಸಾಲದು. ಕೆಲಸ ಹಗುರವಾದರೆ ಹೆಸರು ಕೆಡುವುದು. ಎರಡೂ ಆಗದವನು ಮಗ್ಗವನ್ನು ಬಿಚ್ಚಿಟ್ಟು ಬೇರೆ ಊರಿಗೆ ಕೂಲಿಗೆ ಹೊರಡುವನು. ಮೂರನೆಯದಾಗಿ ಪ್ರಾಮಾಣಿಕನಾದ ವರ್ತಕನಿಗೂ ನಷ್ಟವುಂಟು. ನಿಜವಾದ ಸರಕನ್ನು ನಿಜವಾದ ಬೆಲೆಗೆ ಮಾರುವವನು ದುಬಾರಿಯವನೆನಿಸಿಕೊಂಡು, ಸುಳ್ಳು ಹೇಳುವವನ ಅಂಗಡಿ ತುಂಬುವುದನ್ನು ನೋಡುತ್ತ ಕುಳಿತಿರಬೇಕಾಗುತ್ತದೆ. ಹೀಗೆ ಗುರುತಿಲ್ಲದ ಪೇಟೆಯಲ್ಲಿ ಖೋಟಾ ಸರಕು ನಿಜವಾದ ಸರಕನ್ನು ಅಟ್ಟಿಬಿಡುತ್ತದೆ. ಆ ಕೊನೆಯ ಮಗ್ಗ ನಿಂತುಹೋದ ದಿವಸ ಅನುಕರಣ ಮಾಡುವವನಿಗೂ ಅನುಕರಿಸಲು ಏನೂ ಉಳಿಯುವುದಿಲ್ಲ.

ಈ ಕಷ್ಟ ನಮ್ಮ ದೇಶಕ್ಕೆ ಮಾತ್ರ ಬಂದುದಲ್ಲ. ಇದಕ್ಕೆ ಇತರರು ಹುಡುಕಿದ ಔಷಧ ಯಾವುದು, ಅದು ಹೇಗೆ ಫಲಿಸಿತು ಎಂಬುದರಲ್ಲಿ ನಮಗೂ ಪಾಠವಿದೆ. ಇಂಗ್ಲೆಂಡಿನ ಷೆಫೀಲ್ಡ್ ನಗರವು ಚಾಕು ಕತ್ತರಿಗಳಿಗೆ ಹೆಸರಾದುದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ಅಗ್ಗದ ಚಾಕುಗಳು ಷೆಫೀಲ್ಡಿನ ಹೆಸರನ್ನು ಹೊತ್ತು ಪೇಟೆಗೆ ಬಂದವು. ದೂರುಗಳು ಹೆಚ್ಚಲು, 1887ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಸರಕಿನ ಗುರುತುಗಳನ್ನು ಕುರಿತು ಕಾಯಿದೆಯೊಂದನ್ನು ಮಾಡಿತು. ಇಂಗ್ಲೆಂಡಿನದೆಂಬ ಭ್ರಾಂತಿ ಹುಟ್ಟಿಸುವ ಹೆಸರನ್ನೋ ಗುರುತನ್ನೋ ಹೊತ್ತುಬರುವ ಹೊರದೇಶದ ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರು ಕಾಣಬೇಕೆಂದು ಅದರಿಂದ ಏರ್ಪಾಡಾಯಿತು. “ಮೇಡ್ ಇನ್ ಜರ್ಮನಿ” ಎಂಬ ಮುದ್ರೆ ಪ್ರಸಿದ್ಧವಾದುದು ಹೀಗೆ. ಅದನ್ನು ನೋಡಿ ಜನರು ಸರಕನ್ನು ದೂರವಿಡುವರೆಂದು ಕಾಯಿದೆ ಮಾಡಿದವರ ಎಣಿಕೆ. ಆದದ್ದು ಬೇರೆ. ಜರ್ಮನಿಯ ಕಾರ್ಖಾನೆಗಳವರು ಅವಮಾನವನ್ನು ನುಂಗಿಕೊಂಡು ಸರಕನ್ನು ತಿದ್ದಿದರು. 1896ರಲ್ಲಿ ಇ. ಇ. ವಿಲಿಯಮ್ಸ್ ಎಂಬಾತನು ಆ ಮುದ್ರೆಯ ಹೆಸರನ್ನೇ ಇಟ್ಟು ಪುಸ್ತಕವೊಂದನ್ನು ಬರೆದು, ಇಂಗ್ಲೆಂಡಿನ ಮನೆಮನೆಯಲ್ಲಿಯೂ ಜರ್ಮನಿಯ ಸರಕು ತುಂಬಿದೆಯೆಂದು ತನ್ನ ಜನರನ್ನು ಎಚ್ಚರಿಸಬೇಕಾಯಿತು. ಕಾಲಕ್ರಮದಲ್ಲಿ ನಾಚಿಕೆಯ ಮುದ್ರೆಯೇ ಮೆಚ್ಚುಗೆಯ ಮುದ್ರೆಯಾಯಿತು.

ಇದರಿಂದ ನಾವು ಕಲಿಯತಕ್ಕ ನೀತಿ ಎರಡು. ಹುಟ್ಟಿದ ಊರಿನ ಹೆಸರು ಸತ್ಯವಾಗಿ ತಿಳಿದರೆ ಕೊಳ್ಳುವವನು ವಿಚಾರಮಾಡಿ ಆರಿಸಬಲ್ಲನು ಎಂಬುದು ಮೊದಲನೆಯದು. ಮುದ್ರೆಯೊಂದೇ ಯಾರನ್ನೂ ಕಾಪಾಡಲಾರದು, ಮುದ್ರೆಯ ಹಿಂದೆ ಕೆಲಸವಿರಬೇಕು ಎಂಬುದು ಎರಡನೆಯದು. ಸ್ವದೇಶಿಯ ಅಭಿಮಾನಿಗಳಾದ ನಾವು ಮೊದಲನೆಯದನ್ನು ಹೇಳುವಾಗ ಎರಡನೆಯದನ್ನು ಮರೆಯಬಾರದು.

ಇನ್ನು ನಮ್ಮ ದೇಶಕ್ಕೆ ಬರೋಣ. 1889ರಲ್ಲಿಯೇ ಬ್ರಿಟಿಷ್ ಇಂಡಿಯಾದಲ್ಲಿ ಸರಕಿನ ಗುರುತುಗಳ ಕಾಯಿದೆಯೊಂದಾಯಿತು. ಆದರೆ ನಮ್ಮ ಕೈಕಸಬುಗಳ ಹಿತ ಅದರ ಮುಖ್ಯ ಗುರಿಯಾಗಿರಲಿಲ್ಲ. 1905ರ ಆಗಸ್ಟ್ 7ರಂದು ಕಲ್ಕತ್ತೆಯ ಟೌನ್ ಹಾಲಿನಲ್ಲಿ ಸ್ವದೇಶಿಯ ಘೋಷಣೆಯಾಯಿತು. ಆ ದಿವಸದ ನೆನಪಿಗಾಗಿಯೇ 2015ರಿಂದ ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವೆಂದು ಆಚರಿಸುತ್ತ ಬಂದಿದ್ದಾರೆ. ಸ್ವದೇಶಿಯ ಉತ್ಸಾಹ ಹೆಚ್ಚಿದಂತೆ, ಖೋಟಾ ಸ್ವದೇಶಿಯೂ ಹೆಚ್ಚಿತು. ಗಿರಣಿಯ ನೂಲಿನ ಬಟ್ಟೆಯನ್ನು ಖಾದಿಯೆಂದು ಮಾರುವವರು ಹುಟ್ಟಿಕೊಂಡರು. 1925ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಚರಕಾ ಸಂಘವು ಇದಕ್ಕೆ ಕಂಡುಕೊಂಡ ಉಪಾಯವೇ ಪ್ರಮಾಣಪತ್ರ. ಸಂಘದ ನಿಯಮಗಳಿಗೆ ಒಳಪಟ್ಟ ಭಂಡಾರಗಳಿಗೆ ಮಾತ್ರ ಅದು ದೊರೆಯುತ್ತಿತ್ತು. ಪ್ರಮಾಣಿತ ಖಾದಿಯನ್ನೇ ಕೊಳ್ಳಿರೆಂದು ಜನರಿಗೆ ಹೇಳುತ್ತಿದ್ದರು. 1935ರಲ್ಲಿ ಗಾಂಧಿಯವರ ಒತ್ತಾಯದಿಂದ ಸಂಘವು ನೂಲುವವರ ಕೂಲಿಯನ್ನು ಹೆಚ್ಚಿಸಲು ನಿಶ್ಚಯಿಸಿತು. ಖಾದಿಯ ಬೆಲೆ ಏರುವುದೆಂಬ ಭಯವಿದ್ದರೂ ಹಿಂಜರಿಯಲಿಲ್ಲ. ಇದು ಗಮನಿಸತಕ್ಕ ಸಂಗತಿ. ಅಂದಿನ ಪ್ರಮಾಣಪತ್ರವು ಬಟ್ಟೆಯ ಜಾತಿಯನ್ನು ಹೇಳಿದುದಲ್ಲದೆ, ಅದನ್ನು ಮಾಡಿದ ಕೈಗೆ ಹೊಟ್ಟೆಗೆ ಸಾಲುವಷ್ಟು ಕೂಲಿ ಸಿಕ್ಕಬೇಕೆಂಬ ಮಾತನ್ನೂ ಎತ್ತಿತು.

ಮೈಸೂರು ಸಂಸ್ಥಾನದಲ್ಲಿಯೂ ಇದೇ ಕಾಲದಲ್ಲಿ ಬೇರೊಂದು ದಾರಿಯಿಂದ ಕೆಲಸ ನಡೆಯಿತು. ನಮ್ಮ ಕಾಡಿನ ಶ್ರೀಗಂಧ ಯುರೋಪಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮೊದಲನೆಯ ಮಹಾಯುದ್ಧ ಪ್ರಾರಂಭವಾಗಲು ಆ ವ್ಯಾಪಾರ ನಿಂತಿತು. ನಾಲ್ವಡಿ ಕೃಷ್ಣರಾಜ ಒಡೆಯರವರ ಆಳಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆಯೂ 1918ರಲ್ಲಿ ಸಾಬೂನಿನ ತಯಾರಿಕೆಯೂ ಪ್ರಾರಂಭವಾದವು. ಮೈಸೂರು ಎಂಬ ಹೆಸರೇ ಆ ಸಾಬೂನಿನ ಮುದ್ರೆಯಾಯಿತು. 1912ರಲ್ಲಿ ಮೈಸೂರಿನಲ್ಲಿ ಪ್ರಾರಂಭವಾದ ರೇಷ್ಮೆ ನೇಯ್ಗೆಯ ಕಾರ್ಖಾನೆಯ ಸೀರೆಗಳಿಗೂ ಹೀಗೆಯೇ ಮೈಸೂರಿನ ಹೆಸರು ನಿಂತಿತು. ಹೆಸರು ಬೆಳೆದಂತೆ ಕಳ್ಳನ ಕಣ್ಣೂ ಬೀಳುವುದು ಸಹಜ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸಾಬೂನು ತಯಾರಿಸುತ್ತಿದ್ದ ಸ್ಥಳವೊಂದು ಪತ್ತೆಯಾದುದನ್ನು ತಾವು ಪತ್ರಿಕೆಗಳಲ್ಲಿ ಓದಿರಬಹುದು.

ಸರ್ಕಾರದ ಕಾರ್ಖಾನೆಗೆ ವಕೀಲರುಂಟು, ಅಧಿಕಾರಿಗಳುಂಟು. ಒಂಟಿ ಮಗ್ಗದ ನೇಕಾರನಿಗೆ, ಹಳ್ಳಿಯ ಬೆಳೆಗಾರನಿಗೆ ಯಾರು ದಿಕ್ಕು? ಈ ಪ್ರಶ್ನೆಗೆ ಉತ್ತರವಾಗಿ 1999ರಲ್ಲಿ ಭಾರತದ ಪಾರ್ಲಿಮೆಂಟು ಭೌಗೋಳಿಕ ಗುರುತುಗಳ ಕಾಯಿದೆಯನ್ನು ಮಾಡಿತು. 2003ರ ಸೆಪ್ಟೆಂಬರ್ 15ರಿಂದ ಅದು ಜಾರಿಗೆ ಬಂದಿತು. ಪತ್ರಿಕೆಗಳು ಜಿಐ ಎಂದು ಚಿಕ್ಕದಾಗಿ ಕರೆಯುವುದು ಇದನ್ನೇ. ಇದರ ನೋಂದಣಿಯ ಕಚೇರಿ ಚೆನ್ನೈಯಲ್ಲಿದೆ. ಮೊದಲು ನೋಂದಣಿಯಾದುದು ಡಾರ್ಜಿಲಿಂಗಿನ ಚಹ. ಮೈಸೂರು ರೇಷ್ಮೆ, ಬೀದರಿನ ಬಿದರಿ ಕೆಲಸ, ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆ, ಕಸೂತಿ, ನವಲಗುಂದದ ಜಮಖಾನ, ನಂಜನಗೂಡಿನ ರಸಬಾಳೆ, ಕೊಡಗಿನ ಕಿತ್ತಳೆ, ಬ್ಯಾಡಗಿ ಮೆಣಸಿನಕಾಯಿ, ಧಾರವಾಡದ ಪೇಡೆ, ಮೈಸೂರು ಉಡುಪಿ ಹಡಗಲಿಗಳ ಮಲ್ಲಿಗೆ, ಉಡುಪಿಯ ಮಟ್ಟುಗುಳ್ಳ ಮೊದಲಾಗಿ ನಮ್ಮ ನಾಡಿನ ಅನೇಕ ವಸ್ತುಗಳು ಈ ಪಟ್ಟಿಯಲ್ಲಿ ಸೇರಿವೆ.

ಈ ಕಾಯಿದೆಯ ವಿಶೇಷವೇನೆಂದರೆ, ಹೆಸರು ಒಬ್ಬನ ಸ್ವತ್ತಾಗುವುದಿಲ್ಲ. ತಯಾರಿಸುವವರ ಸಂಘವಾಗಲಿ, ಅವರ ಪರವಾಗಿ ನಿಲ್ಲುವ ಸಂಸ್ಥೆಯಾಗಲಿ ಹೆಸರನ್ನು ನೋಂದಾಯಿಸುತ್ತದೆ. ಎಲ್ಲೆ ಯಾವುದು, ಮಾಡುವ ಕ್ರಮ ಯಾವುದು, ಆ ಸ್ಥಳಕ್ಕೂ ವಸ್ತುವಿಗೂ ಇರುವ ಸಂಬಂಧವೇನು ಎಂಬುದನ್ನು ಬರೆದು ಒಪ್ಪಿಸಬೇಕು. ಬಳಿಕ ಆ ಎಲ್ಲೆಯೊಳಗೆ ಆ ಕ್ರಮದಿಂದ ತಯಾರಿಸುವ ಪ್ರತಿಯೊಬ್ಬನೂ ಅಧಿಕೃತ ಬಳಕೆದಾರನೆಂದು ತನ್ನ ಹೆಸರನ್ನು ಸೇರಿಸಿಕೊಳ್ಳಬಹುದು. ನೋಂದಣಿ ಹತ್ತು ವರ್ಷದ್ದು. ಮತ್ತೆ ಮತ್ತೆ ನವೀಕರಿಸಬಹುದು. ಸುಳ್ಳಾಗಿ ಆ ಹೆಸರನ್ನು ಬಳಸಿದವನಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವನ್ನೂ 50,000 ರೂಪಾಯಿಯಿಂದ 2 ಲಕ್ಷ ರೂಪಾಯಿಯವರೆಗೆ ದಂಡವನ್ನೂ ಕಾಯಿದೆ ಹೇಳಿದೆ.

ಇಲ್ಲಿ ಒಂದು ತೊಡಕನ್ನು ಬಿಡಿಸಬೇಕು. ಪೇಟೆಯಲ್ಲಿ ಈಗ ಮುದ್ರೆಗಳು ಹಲವು. ಒಂದರ ಕೆಲಸವನ್ನು ಇನ್ನೊಂದರಿಂದ ನಿರೀಕ್ಷಿಸಿ ನಾವು ಮೋಸಹೋಗುತ್ತೇವೆ. ಕೊಳ್ಳುವವನು ಕೇಳಬೇಕಾದ ಪ್ರಶ್ನೆಗಳು ಮೂರು: ಇದು ಯಾವುದರಿಂದ ಆದದ್ದು? ಹೇಗೆ ಆದದ್ದು? ಎಲ್ಲಿ ಆದದ್ದು? ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ಮೊದಲನೆಯ ಪ್ರಶ್ನೆಗೆ ಉತ್ತರ. ಬಟ್ಟೆ ಶುದ್ಧ ರೇಷ್ಮೆಯದೆಂದು ಅದು ಹೇಳುವುದೇ ಹೊರತು, ಮೈಸೂರಿನದೆಂದಾಗಲಿ ಕೈಮಗ್ಗದ್ದೆಂದಾಗಲಿ ಹೇಳುವುದಿಲ್ಲ. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಎರಡನೆಯ ಪ್ರಶ್ನೆಗೆ ಉತ್ತರ. ಬಟ್ಟೆ ಕೈಮಗ್ಗದ್ದೆಂದು ಅದು ಹೇಳುತ್ತದೆ. ಇಳಕಲ್ಲಿನದೋ ಮೊಳಕಾಲ್ಮೂರಿನದೋ ಎಂಬುದು ಅದರ ವಿಷಯವಲ್ಲ. ಖಾದಿ ಮಾರ್ಕ್ ಬಟ್ಟೆ ಕೈಯಿಂದ ನೂತು ಕೈಯಿಂದ ನೇಯ್ದುದೆಂಬುದಕ್ಕೆ ಸಾಕ್ಷಿ. ಭೌಗೋಳಿಕ ಗುರುತು ಮಾತ್ರ ಮೂರನೆಯ ಪ್ರಶ್ನೆಗೆ ಉತ್ತರಕೊಡುತ್ತದೆ. ಇನ್ನು, ಮನೆಯಲ್ಲಿ ಕುಳಿತು ದೂರವಾಣಿಯ ಮೂಲಕ ಸರಕು ತರಿಸುವವರಿಗಾಗಿ 2020ರ ಇ-ಕಾಮರ್ಸ್ ನಿಯಮಗಳಿವೆ. ವಸ್ತು ಯಾವ ದೇಶದ್ದೆಂಬುದನ್ನು ಮಾರುವವರು ತಿಳಿಸಬೇಕೆಂದು ಅವು ವಿಧಿಸುತ್ತವೆ. ಆದರೆ ದೇಶದ ಹೆಸರು ತಿಳಿದಮಾತ್ರಕ್ಕೆ ಊರಿನ ಹೆಸರು ತಿಳಿದಂತಾಗಲಿಲ್ಲ. ನಾವು ಕೊಂಡ ಖೋಟಾ ಇಳಕಲ್ ಸೀರೆಯೂ ಭಾರತದಲ್ಲಿ ತಯಾರಾದುದೇ ಆಗಿದ್ದಿರಬೇಕು.

ಗುರುತು, ಕಾಯಿದೆ, ಕೆಲಸ ಈ ಮೂರೂ ಕೂಡಿದರೆ ಏನಾಗುವುದೆಂಬುದಕ್ಕೆ ಚನ್ನಪಟ್ಟಣವನ್ನು ನೋಡಬಹುದು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಾದಿಯಲ್ಲಿ ಸುಮಾರು 60 ಕಿಲೋಮೀಟರು ದೂರದಲ್ಲಿರುವ ಈ ಊರನ್ನು ತಿಳಿಯದವರಿಲ್ಲ. ಬಿಳುಪಾದ ಹಗುರ ಮರದ ತುಂಡನ್ನು ತಿರುಗುವ ಯಂತ್ರಕ್ಕೆ ಸಿಕ್ಕಿಸಿ ಉಳಿಯಿಂದ ಕಡೆಯುತ್ತಾರೆ. ಆಕಾರ ಬಂದ ಮೇಲೆ, ತಿರುಗುತ್ತಿರುವಂತೆಯೇ ಬಣ್ಣ ಬೆರೆಸಿದ ಅರಗಿನ ಬತ್ತಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ಕೇದಿಗೆಯ ಗರಿಯನ್ನು ಹಿಡಿದು ಉಜ್ಜಿದರೆ ಕನ್ನಡಿಯಂಥ ಹೊಳಪು. ಬಾಯಿಗಿಟ್ಟುಕೊಳ್ಳುವ ಕೂಸಿನ ಕೈಗೂ ಅಂಜದೆ ಕೊಡಬಹುದಾದ ಆಟಿಕೆಯೆಂದು ತಾಯಂದಿರು ಇದನ್ನು ನಂಬಿದ್ದರು. ಹೊರದೇಶದ, ವಿಶೇಷವಾಗಿ ಚೀನಾದ, ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಪೇಟೆಯನ್ನು ತುಂಬಿದಾಗ ಇಲ್ಲಿಯ ಅನೇಕ ಕುಶಲಕರ್ಮಿಗಳು ಕೆಲಸವಿಲ್ಲದೆ ಕುಳಿತರು. 2020ರ ಫೆಬ್ರವರಿಯಲ್ಲಿ ಆಮದು ಆಟಿಕೆಗಳ ಸುಂಕ 20ರಿಂದ ನೂರಕ್ಕೆ 60ಕ್ಕೆ ಏರಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಯಿತು. ಈ ಕಟ್ಟಳೆ ಸಣ್ಣ ಕುಶಲಕರ್ಮಿಯ ಕುತ್ತಿಗೆಗೂ ಬರಬಹುದಾಗಿತ್ತು. ಪರೀಕ್ಷೆಯ ವೆಚ್ಚವನ್ನು ಒಂಟಿ ಮನೆಯವನು ಎಲ್ಲಿಂದ ತರುವನು? ಆಗ ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತಿನ ಅಧಿಕೃತ ಬಳಕೆದಾರರಿಗೂ ವಿನಾಯಿತಿ ದೊರೆಯಿತು. ಪುಸ್ತಕದಲ್ಲಿ ಬರೆದ ಊರಿನ ಹೆಸರು ಸಮಯದಲ್ಲಿ ಗುರಾಣಿಯಾದುದು ಹೀಗೆ.

ಆದರೆ ಮುದ್ರೆಯನ್ನು ಹೊಗಳುತ್ತ ಅದರ ಮಿತಿಯನ್ನು ಮುಚ್ಚಿಡುವುದು ನ್ಯಾಯವಲ್ಲ. ನೋಂದಣಿಯ ಪತ್ರ ಬಂದ ದಿವಸ ಸಭೆಗಳಾಗುತ್ತವೆ, ಹಾರಗಳು ಬೀಳುತ್ತವೆ. ಬಳಿಕ ಆ ಪತ್ರ ಕಚೇರಿಯ ಗೋಡೆಯ ಮೇಲೆಯೇ ಉಳಿದು, ಗುರುತು ಸರಕಿನ ಮೇಲೆ ಕಾಣದೆ ಹೋಗುವುದುಂಟು. ಎಷ್ಟೋ ಮಂದಿ ನೇಕಾರರೂ ಬೆಳೆಗಾರರೂ ತಮ್ಮ ಹೆಸರನ್ನು ಅಧಿಕೃತ ಬಳಕೆದಾರರ ಪಟ್ಟಿಯಲ್ಲಿ ಸೇರಿಸಿಕೊಂಡೇ ಇಲ್ಲ. ಗುರುತು ವರ್ತಕನ ಲಾಭವನ್ನು ಹೆಚ್ಚಿಸಿ ನೇಕಾರನ ಕೂಲಿಯನ್ನು ಇದ್ದಲ್ಲಿಯೇ ಬಿಡಬಹುದು. ಚರಕಾ ಸಂಘದ ಪ್ರಮಾಣಪತ್ರದಂತೆ ಇದು ಕೂಲಿಯ ಮಾತನ್ನು ಎತ್ತುವುದಿಲ್ಲ. ಹೆಸರನ್ನು ಉಳಿಸಲು ಕಾಯಿದೆಯಿದ್ದರೂ ಬೆಳೆಯನ್ನು ಉಳಿಸಲು ಬೇರೆ ಶ್ರಮ ಬೇಕು. ನಂಜನಗೂಡಿನ ರಸಬಾಳೆಗೆ ಗುರುತು ದೊರೆತರೂ, ರೋಗದ ಕಾರಣದಿಂದ ಅದರ ತೋಟಗಳು ಬಹಳ ಕುಗ್ಗಿಹೋಗಿವೆ.

ಎಲ್ಲಕ್ಕೂ ಮಿಗಿಲಾಗಿ, ಕೊಳ್ಳುವವರು ಕೈಬಿಟ್ಟರೆ ಯಾವ ಮುದ್ರೆಯೂ ನಿಲ್ಲಲಾರದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುವುದನ್ನು ತಾವು ಬಲ್ಲಿರಿ. ಭಾರತದ ಮಾನಕಗಳ ಸಾಲಿನಲ್ಲಿ ಒಂದನೆಯ ಸಂಖ್ಯೆ ಕೊಟ್ಟಿರುವುದೇ ರಾಷ್ಟ್ರಧ್ವಜಕ್ಕೆ. ನೂಲು, ನೇಯ್ಗೆ, ಬಣ್ಣ, ಅಳತೆ, ಹೊಲಿಗೆ ಎಲ್ಲವನ್ನೂ ಪರೀಕ್ಷಿಸಿ, ತಪ್ಪಿದ್ದರೆ ತಿರಸ್ಕರಿಸುವಷ್ಟು ಕಟ್ಟುನಿಟ್ಟು. ಅಲ್ಲಿ ಹೊಲಿಗೆಯ ಯಂತ್ರದ ಮುಂದೆ ಕುಳಿತವರಲ್ಲಿ ಬಹುಮಂದಿ ಹೆಂಗಸರು. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ದೊರೆಯಿತು. ಎಲ್ಲ ಮನೆಗಳಲ್ಲಿಯೂ ಧ್ವಜ ಹಾರಲಿ ಎಂಬುದು ಒಳ್ಳೆಯ ಉದ್ದೇಶವೇ. ಆದರೆ 2022ರಲ್ಲಿ ಬೇಡಿಕೆ ಕುಗ್ಗಿತೆಂದು ಬೆಂಗೇರಿಯವರು ಬೀದಿಗಿಳಿದು ದುಃಖ ತೋಡಿಕೊಂಡರು. ಮುದ್ರೆ ಅದೇ, ಕೆಲಸ ಅದೇ; ಕೇಳುವವರು ಮಾತ್ರ ಕಡಮೆಯಾದರು.

ಇಲ್ಲಿ ಎರಡು ಆಕ್ಷೇಪಣೆಗಳು ಕೇಳಿಬರುತ್ತವೆ. “ನಾವು ಬಡವರು, ದುಬಾರಿ ಸರಕನ್ನು ಕೊಂಡು ದೇಶಸೇವೆ ಮಾಡಲು ನಮ್ಮಿಂದಾಗದು” ಎಂಬುದೊಂದು. ಇದು ನಿಜವಾದ ಮಾತು. ಇದಕ್ಕೆ ಉಪದೇಶ ಉತ್ತರವಾಗದು. ದಿನಬಳಕೆಯದೆಲ್ಲ ಕೈಕಸಬಿನದೇ ಆಗಿರಲಿ ಎಂದು ನಾವು ಹೇಳುವುದಿಲ್ಲ. ಮದುವೆಗೆ ಹತ್ತು ಸೀರೆ ತೆಗೆಯುವ ಕಡೆ ಒಂದಾದರೂ ನಿಜವಾದುದಿರಲಿ. ಕೂಸಿಗೆ ನಾಲ್ಕು ಆಟಿಕೆ ಕೊಡುವ ಕಡೆ ಒಂದಾದರೂ ಚನ್ನಪಟ್ಟಣದ್ದಿರಲಿ. ಅಗ್ಗದ್ದನ್ನು ಅಗ್ಗದ್ದೆಂದು ತಿಳಿದು ಕೊಳ್ಳುವುದು ತಪ್ಪಲ್ಲ. ಅಗ್ಗದ್ದನ್ನು ಕೊಂಡು ಅಸಲಿಯದೆಂದು ಹೇಳಿಕೊಳ್ಳುವ ಆಸೆಯೇ ಖೋಟಾ ವ್ಯಾಪಾರಕ್ಕೆ ನೀರೆರೆಯುತ್ತದೆ. “ಇದೆಲ್ಲ ಸಂಕುಚಿತ ಬುದ್ಧಿಯಲ್ಲವೇ?” ಎಂಬುದು ಎರಡನೆಯ ಆಕ್ಷೇಪಣೆ. ಹಾಗಲ್ಲ. ಡಾರ್ಜಿಲಿಂಗಿನ ಚಹವನ್ನು ಡಾರ್ಜಿಲಿಂಗಿನದೆಂದು ತಿಳಿದು ಕುಡಿಯುವುದು ಎಷ್ಟು ನ್ಯಾಯವೋ, ಷೆಫೀಲ್ಡಿನ ಚಾಕುವನ್ನು ಷೆಫೀಲ್ಡಿನದೆಂದು ತಿಳಿದು ಕೊಳ್ಳುವುದೂ ಅಷ್ಟೇ ನ್ಯಾಯ. ನಮ್ಮ ಊರಿನ ಹೆಸರಿಗೆ ನಾವು ಬಯಸುವ ಗೌರವವನ್ನು ಎಲ್ಲರ ಊರಿನ ಹೆಸರಿಗೂ ಕೊಡಬೇಕು. ಹುಟ್ಟನ್ನು ಮರೆಮಾಡದೆ ನಿಂತ ಎರಡು ಸರಕುಗಳಲ್ಲಿ ನಮ್ಮದನ್ನು ನಾವು ಪ್ರೀತಿಯಿಂದ ಆರಿಸಿದರೆ, ಅದು ದ್ವೇಷವಾಗುವುದಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ತಯಾರಿಸುವವರಿಗೆ ನಮ್ಮ ವಿನಂತಿ ಇಷ್ಟೆ: ಸಂಘವನ್ನು ಕಟ್ಟಿ, ಪಟ್ಟಿಯಲ್ಲಿ ಹೆಸರು ಸೇರಿಸಿ, ಗುರುತನ್ನು ಸರಕಿನ ಮೇಲೆ ಕಾಣುವಂತೆ ಹಾಕಿರಿ; ಅದಕ್ಕಿಂತ ಮಿಗಿಲಾಗಿ, ಕೆಲಸವನ್ನು ಹಗುರಮಾಡಬೇಡಿರಿ. ಒಬ್ಬನು ಅಡ್ಡದಾರಿ ಹಿಡಿದರೆ ಊರಿಗೆ ಊರೇ ತಲೆತಗ್ಗಿಸಬೇಕಾಗುತ್ತದೆ. ವರ್ತಕ ಮಹಾಶಯರು ಕೈಮಗ್ಗದ್ದನ್ನೂ ವಿದ್ಯುತ್ ಮಗ್ಗದ್ದನ್ನೂ ಬೇರೆ ಬೇರೆ ಕಪಾಟಿನಲ್ಲಿಟ್ಟು, ಎರಡನ್ನೂ ಅವುಗಳ ಹೆಸರಿನಿಂದಲೇ ಮಾರಲಿ. ಕೊಳ್ಳುವ ನಾವು ಅಂಗಡಿಯಲ್ಲಿ ನಿಂತು ಆ ಮೂರು ಪ್ರಶ್ನೆಗಳನ್ನು ನಾಚಿಕೆಯಿಲ್ಲದೆ ಕೇಳೋಣ. ಗುರುತಿನ ಚೀಟಿಯನ್ನು ತೋರಿಸಿರೆಂದು ಕೇಳೋಣ. ರಸೀತಿಯಲ್ಲಿ ಸರಕಿನ ಹೆಸರನ್ನೂ ಊರನ್ನೂ ಬರೆಸಿಕೊಳ್ಳೋಣ. ಸುಳ್ಳು ಹೇಳಲು ಅಂಜದವನೂ ಸುಳ್ಳನ್ನು ಬರೆದುಕೊಡಲು ಅಂಜುವನು. ರೇಷ್ಮೆಯ ವಿಷಯದಲ್ಲಿ ಅನುಮಾನವಿದ್ದರೆ, ಅಂಚಿನ ಒಂದೆರಡು ಎಳೆಗಳನ್ನು ತೆಗೆದು ಉರಿಸಿ ನೋಡಬಹುದು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಿಗೆ ಪುಡಿಯಾಗುವ ಬೂದಿ ಉಳಿಯುವುದು. ಪಾಲಿಯೆಸ್ಟರಾದರೆ ಕರಗಿ ಗಟ್ಟಿಯಾದ ಗುಂಡಾಗುವುದು.

ನಮ್ಮ ನೆರೆಮನೆಯ ಆ ವೃದ್ಧೆ ಯಾವ ಕಾಯಿದೆಯನ್ನೂ ಓದಿದವರಲ್ಲ. ಅವರ ಬೆರಳಿಗೆ ಕೊಂಡಿ ಎಲ್ಲಿರಬೇಕೆಂಬುದು ತಿಳಿದಿತ್ತು. ಅಂಥ ಬೆರಳುಗಳು ಮನೆಮನೆಯಲ್ಲಿ ಇದ್ದ ಕಾಲದಲ್ಲಿ ಮುದ್ರೆಯ ಅಗತ್ಯವಿರಲಿಲ್ಲ. ಈಗ ಅವು ವಿರಳವಾಗುತ್ತಿರುವುದರಿಂದಲೇ ಮುದ್ರೆ ಬೇಕಾಗಿದೆ. ಮುದ್ರೆಯನ್ನು ನೋಡಿ ಕೊಳ್ಳುವ ಅಭ್ಯಾಸ ನಮ್ಮಲ್ಲಿ ಬೆಳೆದರೆ, ಕ್ರಮೇಣ ಸರಕನ್ನು ನೋಡಿ ತಿಳಿಯುವ ಕಣ್ಣೂ ನಮ್ಮ ಮಕ್ಕಳಿಗೆ ಬಂದೀತು. ಈ ಬಾರಿ ಹಬ್ಬಕ್ಕೆ ಅಂಗಡಿಗೆ ಹೋದಾಗ ಬೆಲೆಯನ್ನು ಕೇಳುವುದಕ್ಕೆ ಮುಂಚೆ “ಇದು ಯಾವ ಊರಿನದು?” ಎಂದು ಒಂದು ಮಾತು ಕೇಳಿರಿ. ಉತ್ತರ ಬರಲು ತಡವಾದರೆ, ಇನ್ನೊಮ್ಮೆ ಕೇಳಿರಿ.